ಓಯಿನೆಯ ಅರ್ಥ ಬಲ್ಲವಳು

ಆಸ್ಪತ್ರೆಯ ಬಟ್ಟೆ ವಿಭಾಗ ನೆಲಮಾಳಿಗೆಯಲ್ಲಿತ್ತು. ಒಗೆಯುವ ಯಂತ್ರಗಳ ಗುಡುಗು, ಹಬೆ, ಸೋಪಿನ ಘಾಟು ಎಲ್ಲ ದಾಟಿ ಒಳಗೆ ಹೋದರೆ ಉದ್ದನೆಯ ಮೇಜೊಂದು ಸಿಗುತ್ತಿತ್ತು. ಆ ಮೇಜಿನ ತುದಿಯಲ್ಲಿ ಇಪ್ಪತ್ತೇಳು ವರ್ಷ ನಿಂತು ಹಾಸಿಗೆಬಟ್ಟೆ ಮಡಿಸಿದವಳ ಕಥೆ ಇದು. ಅವಳು ಮಡಿಸಿದ ಹೊದಿಕೆಗಳ ಅಂಚು ಎಷ್ಟು ನೇರವಾಗಿರುತ್ತಿತ್ತೆಂದರೆ, ವಾರ್ಡಿನ ನರ್ಸುಗಳು ಕಪಾಟು ತೆಗೆದ ಕೂಡಲೇ “ಇದು ಮಡಿಕೆಯಕ್ಕನ ಕೈಯದು” ಎಂದು ಗುರುತು ಹಿಡಿಯುತ್ತಿದ್ದರು. ಹೆಸರು ಹಾಗೇ ನಿಂತಿತು.

ನಾನು ಅದೇ ವಿಭಾಗದಲ್ಲಿ ದಾಸ್ತಾನು ನೋಡಿಕೊಳ್ಳುತ್ತಿದ್ದ ಗುಮಾಸ್ತ. ನನ್ನ ಕುರ್ಚಿಗೂ ಅವಳ ಮೇಜಿಗೂ ನಾಲ್ಕು ಹೆಜ್ಜೆ. ಕೈಗೆ ಕೆಲಸವಿದ್ದು ಬಾಯಿಗೆ ಕೆಲಸವಿಲ್ಲದ ಜಾಗ ಅದು. ಹಾಗಾಗಿ ಅವಳ ಹೊಟ್ಟೆಕಿಚ್ಚಿನ ಚರಿತ್ರೆಯೆಲ್ಲ ನನಗೆ ಬಾಯಿಪಾಠ. ಹೊಟ್ಟೆಕಿಚ್ಚು ಎನ್ನುವುದು ನಾನಿಟ್ಟ ಹೆಸರಲ್ಲ. “ನನ್ ತಂಗಿ ಮೇಲೆ ನಂಗೆ ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳ್ಲಿ?” ಎಂದು ಅವಳೇ ಹೇಳುತ್ತಿದ್ದಳು, ಮೊಣಕಾಲು ನೋವು ಎಂದು ಹೇಳುವಷ್ಟೇ ಸಲೀಸಾಗಿ.

ಅವರು ಗುಡ್ಡದ ಜನ. ಅಕ್ಕನಿಗೆ ಹತ್ತು ವರ್ಷ, ತಂಗಿಗೆ ನಾಲ್ಕು ಇರುವಾಗ ಗುಡ್ಡಕ್ಕೆ ಸರ್ಕಾರದ ಬೇಲಿ ಬಿತ್ತು. ಮೇಲಿದ್ದ ಮೂವತ್ತು ಮನೆಗಳವರನ್ನು ಬುಡದಲ್ಲಿ ಸಾಲು ಕೋಣೆ ಕಟ್ಟಿ ಇಳಿಸಿದರು. ಅಲ್ಲಿ ಕೆಲಸವಿರಲಿಲ್ಲ. ತಾಯಿ ದೊಡ್ಡವಳನ್ನು ಕರೆದುಕೊಂಡು ಪಟ್ಟಣಕ್ಕೆ ಬಂದು ಮನೆಗೆಲಸಕ್ಕೆ ನಿಂತಳು. ಚಿಕ್ಕವಳು ಅಜ್ಜಿಯ ಹತ್ತಿರ ಉಳಿದಳು. ಹನ್ನೆರಡು ವರ್ಷ ಉಳಿದಳು.

ಆ ಹನ್ನೆರಡು ವರ್ಷದಲ್ಲಿ ಅಜ್ಜಿ ತನ್ನ ಬಾಯಲ್ಲಿದ್ದುದನ್ನೆಲ್ಲ ಚಿಕ್ಕವಳ ಕಿವಿಗೆ ಸುರಿದಳು. ಗಿಡದ ಹೆಸರು, ಗಾಳಿಯ ಹೆಸರು, ಸತ್ತವರನ್ನು ಕರೆಯುವ ಹಾಡು, ಮಗು ಮೊದಲ ಸಲ ನೆಲಕ್ಕೆ ಕಾಲಿಟ್ಟಾಗ ಹೇಳುವ ಮಾತು. ಅಕ್ಕ ವರ್ಷಕ್ಕೆರಡು ಸಲ ಹೋದಾಗ ಅಜ್ಜಿ ಮತ್ತು ತಂಗಿ ಅವಳಿಗೆ ಅರ್ಥವಾಗುವ, ಆದರೆ ಪಟ್ಟಣ ಸೇರಿದ ಮೇಲೆ ಆಡಲು ಮರೆತುಹೋದ ಮಾತಿನಲ್ಲಿ ನಗುತ್ತಿದ್ದರು. ಅಕ್ಕ ಬಾಯಿ ತೆರೆದರೆ ಪಟ್ಟಣದ ಮಾತೇ ಹೊರಗೆ ಬೀಳುತ್ತಿತ್ತು. “ಬಾಗಿಲ ಹೊರಗೆ ನಿಂತು ಒಳಗಿನ ಒಗ್ಗರಣೆ ವಾಸನೆ ಕುಡಿದ ಹಾಗಿತ್ತು” ಎನ್ನುತ್ತಿದ್ದಳು.

ಅಜ್ಜಿ ಹೋದಳು, ತಾಯಿ ಹೋದಳು. ಗಂಡ ತೀರಿದ ಮೇಲೆ ತಂಗಿ ಬಂದು ಅಕ್ಕನ ಎರಡು ಕೋಣೆಯ ಮನೆ ಸೇರಿದಳು. ಇಬ್ಬರೂ ಚೆನ್ನಾಗಿಯೇ ಇದ್ದರು, ಆ ಒಂದು ದಿನದವರೆಗೆ. ಅವತ್ತು ತಂಗಿಯ ಕಣ್ಣು ತೋರಿಸಲು ಅಕ್ಕನೇ ಆಸ್ಪತ್ರೆಗೆ ಕರೆತಂದಿದ್ದಳು. ಸರದಿಯಲ್ಲಿ ಮುಂದೆ ನುಗ್ಗಿದವನೊಬ್ಬನನ್ನು ತಂಗಿ ಗುಡ್ಡದ ಮಾತಿನಲ್ಲಿ ಚೆನ್ನಾಗಿ ಬೈದಳು. ಹಿಂದೆ ನಿಂತಿದ್ದ ಕನ್ನಡಕದ ಹೆಂಗಸು ಬಂದು ಅವಳ ಕೈ ಹಿಡಿದುಕೊಂಡಳು. ಅವಳು ಊರಿನ ವಸ್ತುಸಂಗ್ರಹಾಲಯದವಳು. ಈ ಮಾತು ಆಡುವವರು ಯಾರೂ ಉಳಿದಿಲ್ಲ ಎಂದು ಬರೆದುಬಿಟ್ಟಿದ್ದಳಂತೆ.

“ಒಂದು ಬೈಗುಳಕ್ಕೆ ನನ್ ತಂಗಿ ಮಹಾರಾಣಿ ಆಗ್ಬಿಟ್ಲು” ಎಂದು ಮರುದಿನ ನನಗೆ ಹೇಳಿ, ಹೊದಿಕೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಕೊಡವಿದಳು.

ಸಂಗ್ರಹಾಲಯದ ಮೇಡಂ ವಾರಕ್ಕೆರಡು ಸಲ ಮನೆಗೆ ಬರತೊಡಗಿದಳು. ಮುಂದಿನ ಕೋಣೆಯ ಒಂದೇ ಒಳ್ಳೆಯ ಕುರ್ಚಿಯಲ್ಲಿ ತಂಗಿ. ಎದುರಿಗೆ ಮೈಕು ಹಿಡಿದು ಮೇಡಂ. ಚಹಾ ಕೊಡಲು ಅಕ್ಕ. ತಂಗಿ ಹಾಡಲು ಬಾಯಿ ತೆರೆದಾಗಲೇ ಅಡುಗೆಮನೆಯಲ್ಲಿ ಪಾತ್ರೆಗಳು ಬೀಳುತ್ತಿದ್ದವು.

“ಅಕ್ಕಾ, ಸ್ವಲ್ಪ ಸದ್ದು...” ಎನ್ನುತ್ತಿದ್ದಳು ಮೇಡಂ.

“ಅಯ್ಯೋ, ಪಾತ್ರೆಗೇನು ಗೊತ್ತಮ್ಮ, ರೆಕಾರ್ಡಿಂಗ್ ನಡೀತಿದೆ ಅಂತ?” ಎನ್ನುತ್ತಿದ್ದಳು ಅಕ್ಕ.

ಅಜ್ಜಿಯ ಹಾಡುಗಳ ಆ ಧ್ವನಿಮುದ್ರಣಗಳಲ್ಲಿ ಇವತ್ತಿಗೂ ಹಿನ್ನೆಲೆಯಲ್ಲಿ ಸೌಟು, ತಟ್ಟೆ, ಮುಚ್ಚಳಗಳ ಮೇಳವಿದೆಯಂತೆ. ಒಮ್ಮೆ ಮೇಡಂ ಸೌಜನ್ಯಕ್ಕೆ “ನಿಮಗೂ ಏನಾದ್ರೂ ನೆನಪಿದ್ಯಾ?” ಎಂದು ಕೇಳಿದಳು. ಅಕ್ಕನ ನಾಲಿಗೆಯ ತುದಿಗೆ ಏನೋ ಬಂತು. ಅಷ್ಟರಲ್ಲಿ ತಂಗಿ ನಕ್ಕು, “ಅವಳಿಗೆ ಬರಲ್ಲ ಮೇಡಂ, ಪಟ್ಟಣದಲ್ಲಿ ಬೆಳೆದವಳು” ಎಂದಳು. ಕೆಟ್ಟದ್ದು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಲ್ಲ. ಅಕ್ಕ ಅದನ್ನು ಮರೆಯಲಿಲ್ಲ.

ಆ ವರ್ಷದ ಕೊನೆಗೆ ಸಂಗ್ರಹಾಲಯದಲ್ಲಿ ಒಂದು ಸಭೆ ನಡೆಯಿತು. ಗುಡ್ಡದವರು, ಹೊಳೆಯವರು, ಕಡಲಂಚಿನವರು, ಈ ಮೂರೂ ಮೂಲ ಜನಗಳ ಹಿರಿಯರು ತಮ್ಮ ನೆಲ, ತಮ್ಮ ಮಾತು, ತಮ್ಮ ಪವಿತ್ರವಾದದ್ದರ ಬಗ್ಗೆ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು ಎಂಬುದು ಮೇಡಂ ಆಸೆ. ತಂಗಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಅವಳ ಚೀಲ, ನೀರಿನ ಬಾಟಲಿ ಹಿಡಿದುಕೊಂಡು ಅಕ್ಕ ಹಿಂದಿನ ಸಾಲಿನಲ್ಲಿ.

ಹೊಳೆಯವರ ಅಜ್ಜ ಮೊದಲು ಎದ್ದ. “ನಮ್ ಮಾತಲ್ಲಿ ‘ನನ್ನ ಹೊಳೆ’ ಅನ್ನೋಕೇ ಬರಲ್ಲ. ‘ನನ್ನ’ ಅನ್ನೋದು ಕೈಗೆ, ಕಾಲಿಗೆ, ಅಮ್ಮನಿಗೆ ಮಾತ್ರ. ಹೊಳೆ ವಿಷ್ಯಕ್ಕೆ ಬಂದ್ರೆ ‘ಹೊಳೆಯ ನಾನು’ ಅನ್ಬೇಕು. ಕೋರ್ಟಲ್ಲಿ ನಮ್ಮಪ್ಪ ಹಂಗೇ ಅಂದ. ಜಾಗ ನಿನ್ನದು ಅಂತ ನೀನೇ ಹೇಳ್ತಿಲ್ವಲ್ಲ ಅಂದ್ರು. ಕೇಸು ಬಿದ್ದುಹೋಯ್ತು” ಎಂದ.

ಕಡಲಂಚಿನ ಹೆಂಗಸು ಎದ್ದು, “ನಮಗೆ ಪವಿತ್ರವಾದದ್ದರ ಹೆಸರು ಹೊರಗಿನವರಿಗೆ ಹೇಳಲ್ಲ. ಹೇಳಲ್ಲ ಅಂತ ಹೇಳೋಕೇ ಎರಡು ಬಸ್ಸು ಬದಲಾಯಿಸಿ ಬಂದಿದೀನಿ” ಎಂದು ಕುಳಿತಳು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಆಮೇಲೆ ತಂಗಿಯ ಸರದಿ. ಗುಡ್ಡದಿಂದ ಎಂದೋ ತಂದು ಗೋದಾಮಿನಲ್ಲಿಟ್ಟಿದ್ದ ಚಪ್ಪಟೆ ಕಲ್ಲೊಂದನ್ನು ಮೇಡಂ ಗಾಜಿನ ಪೆಟ್ಟಿಗೆಯಲ್ಲಿ ದೀಪ ಹಾಕಿ ಇರಿಸಿದ್ದಳು. ತಂಗಿ ಅದರ ಮುಂದೆ ನಿಂತು ಗುಡ್ಡದ ಮಾತಿನಲ್ಲೊಮ್ಮೆ, ಎಲ್ಲರಿಗೂ ತಿಳಿಯುವ ಮಾತಿನಲ್ಲೊಮ್ಮೆ ಹೇಳಿದಳು: “ಇದು ಓಯಿನೆ. ನಮ್ಮ ದೇವರ ಕಲ್ಲು. ಅಜ್ಜಿ ದಿನಾ ಬೇಲಿ ಹಿಡ್ಕೊಂಡು ಮೇಲೆ ನೋಡಿ ‘ಓಯಿನೆ, ಓಯಿನೆ’ ಅಂತ ಅಳ್ತಿದ್ಲು.” ಮುಂದಿನ ಸಾಲಿನವರು ಎದ್ದು ಕಲ್ಲಿಗೆ ತಲೆಬಾಗಿದರು.

ಹಿಂದಿನ ಸಾಲಿನಲ್ಲಿ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಶಾಲನ್ನು ಬಾಯಿಗೆ ಒತ್ತಿಕೊಂಡಳು.

ಏಕೆಂದರೆ ಆ ಕಲ್ಲಿನ ಮೇಲೆ ಅವಳು ನಿಂತಿದ್ದಳು. ಬೇಲಿ ಬೀಳುವ ಮುಂಚೆ, ಅಜ್ಜಿಯ ಕೈ ಹಿಡಿದು. ಕಾಡಿನ ಒಳಗೆ ಹೋಗುವ ದಾರಿಯ ಬಾಯಲ್ಲಿ ಆ ಕಲ್ಲಿತ್ತು. ಬರಿಗಾಲಲ್ಲಿ ಅದರ ಮೇಲೆ ನಿಲ್ಲಬೇಕು. ಅಂಗಾಲಿನ ಕೆಳಗೆ ಕಲ್ಲು ಬೆಚ್ಚಗಾಗುವವರೆಗೆ ಮಾತಾಡದೆ ಕಾಯಬೇಕು. ಆಮೇಲೆ ಒಳಗೆ ಹೋಗಬಹುದು. ಆ ಕಾಯುವಿಕೆಗೆ ಓಯಿನೆ ಎಂದು ಹೆಸರು. ನೆಲ ನಿನ್ನನ್ನು ಗುರುತು ಹಿಡಿಯಲಿ, ಅಲ್ಲಿಯವರೆಗೆ ತಡಿ ಎಂದು ಅಜ್ಜಿ ಹೇಳಿದ್ದಳು. ಕಲ್ಲು ಬರೀ ಕಾಲಿಡುವ ಕಲ್ಲು. ಬೇಲಿ ಬಿದ್ದ ಮೇಲೆ ಒಳಗೆ ಹೋಗುವುದೇ ಇಲ್ಲವಾದ್ದರಿಂದ ಕಾಯುವುದೂ ನಿಂತಿತು. ಪದ ಮಾತ್ರ ಅಜ್ಜಿಯ ನಿಟ್ಟುಸಿರಿನಲ್ಲಿ ಉಳಿದು ತಂಗಿಯ ಕಿವಿಗೆ ಬಿದ್ದಿತ್ತು.

ಹೊಳೆಯವರ ಅಜ್ಜನಿಗೆ ಏನನ್ನಿಸಿತೋ, “ಅದು ಕಲ್ಲಿನ ಹೆಸರೇನಮ್ಮಾ, ಇಲ್ಲಾ ಕಲ್ಲಿನ ಹತ್ರ ಮಾಡೋ ಕೆಲಸದ ಹೆಸರಾ?” ಎಂದು ಕೇಳಿದ.

“ಕಲ್ಲಿಂದೇ” ಎಂದಳು ತಂಗಿ ಖಂಡಿತವಾಗಿ.

ಅಕ್ಕ ಎದ್ದು ಹೇಳಬಹುದಿತ್ತು. ಹೇಳಲಿಲ್ಲ. “ಎಷ್ಟು ವರ್ಷದ ಮೇಲೆ ಹೊಟ್ಟೆ ತಣ್ಣಗಾಯ್ತು ಗೊತ್ತಾ? ತಪ್ಪು ಹೇಳಿದ್ಲು. ಅಷ್ಟು ಜನರ ಮುಂದೆ ತಪ್ಪು ಹೇಳಿದ್ಲು!” ಎಂದು ಮರುದಿನ ನನ್ನ ಮುಂದೆ ಕಣ್ಣರಳಿಸಿದಳು.

ಗಾಜಿನ ಪೆಟ್ಟಿಗೆಗೆ ಅಂದವಾದ ಅಕ್ಷರದ ಚೀಟಿ ಬಂತು: ಓಯಿನೆ, ಗುಡ್ಡದ ಜನರ ಪವಿತ್ರ ಶಿಲೆ. ಕೆಳಗೆ ತಂಗಿಯ ಹೆಸರು. ಅಕ್ಕ ಪ್ರತಿ ರಜೆಯ ದಿನ ಅದನ್ನು ನೋಡಲು ಹೋಗುತ್ತಿದ್ದಳು. ಕಾಲಿಡುವ ಕಲ್ಲಿಗೆ ಜನ ಕೈಮುಗಿಯುವುದನ್ನು ಬೆಂಚಿನ ಮೇಲೆ ಕೂತು ನೋಡಿ, ಮನಸಾರೆ ಸುಖಪಟ್ಟು ಮನೆಗೆ ಬರುತ್ತಿದ್ದಳು. “ನನ್ನ ಹತ್ರನೂ ಒಂದು ಇದೆ. ಅಜ್ಜಿ ನಂಗೂ ಒಂದು ಕೊಟ್ಟಿದ್ಲು” ಎನ್ನುತ್ತಿದ್ದಳು ನನ್ನೊಂದಿಗೆ. ನಾನು, “ಹೇಳ್ಬಿಡು ಅಕ್ಕಾ, ತಪ್ಪು ಹಾಗೇ ಉಳಿದುಹೋಗುತ್ತೆ” ಎಂದರೆ, “ಹೇಳಿದ್ರೆ ಅದೂ ಅವಳದ್ದಾಗುತ್ತೆ” ಎಂದು ಬೇರೆ ಹೊದಿಕೆ ಎಳೆದುಕೊಳ್ಳುತ್ತಿದ್ದಳು.

ಕೊನೆಗೂ ಅವಳ ಬಾಯಿ ಬಿಡಿಸಿದ್ದು ಒಳ್ಳೆಯ ಬುದ್ಧಿಯಲ್ಲ. ತಂಗಿಯ ದೊಡ್ಡ ಫೋಟೋ ಸಂಗ್ರಹಾಲಯದ ಬಾಗಿಲಲ್ಲಿ ತೂಗುಹಾಕಿದರು. ಅದನ್ನು ನೋಡಿದವಳೇ ಅಕ್ಕ ನೆಟ್ಟಗೆ ಮೇಡಂ ಕೋಣೆಗೆ ಹೋಗಿ, “ನಿಮ್ಮ ಚೀಟಿ ತಪ್ಪು. ನನ್ ತಂಗಿಗೆ ಅರ್ಧಂಬರ್ಧ ಗೊತ್ತು” ಎಂದು ಎಲ್ಲವನ್ನೂ ಹೇಳಿಬಿಟ್ಟಳು. ಮೇಡಂ ಬರೆದುಕೊಂಡಳು. ಬರೆಯುತ್ತ ಬರೆಯುತ್ತ ಅವಳ ಪೆನ್ನು ನಿಂತಿತು. “ಇಷ್ಟು ದಿನ ಯಾಕೆ ಸುಮ್ಮನಿದ್ರಿ?” ಎಂದು ಕೇಳಿದಳು. ಅಕ್ಕ ಚೀಲ ಎತ್ತಿಕೊಂಡು ಹೊರಟಳು.

ಎರಡು ದಿನದಲ್ಲಿ ಸುದ್ದಿ ತಂಗಿಗೆ ಮುಟ್ಟಿತು. ಅಕ್ಕ ಕೆಲಸದಿಂದ ಬಂದಾಗ ತಂಗಿ ಆ ಒಳ್ಳೆಯ ಕುರ್ಚಿಯಲ್ಲಿ ಕೂರದೆ ನೆಲದ ಮೇಲೆ ಕೂತಿದ್ದಳು.

“ನಂಗೆ ಮನೇಲಿ ಹೇಳ್ಬಹುದಿತ್ತಲ್ಲಾ ಅಕ್ಕ.”

“ನೀನು ಯಾವತ್ತು ಕೇಳಿದೆ? ನಂಗೇನೂ ಬರಲ್ಲ ಅಂತ ಅವರ ಮುಂದೆ ಹಲ್ಲು ಕಿರಿದೆ.”

“ಅಷ್ಟಕ್ಕೇ?”

“ಅಷ್ಟಕ್ಕಲ್ಲ” ಎಂದಳು ಅಕ್ಕ. ಐವತ್ತು ವರ್ಷದ್ದು ಒಟ್ಟಿಗೆ ಬಂತು. “ಅಜ್ಜಿ ನಿಂಗೆ ಎಲ್ಲಾ ಕೊಟ್ಲು. ಹಾಡು ಕೊಟ್ಲು, ಮಾತು ಕೊಟ್ಲು. ನಾನು ಯಾರದ್ದೋ ಮನೆ ಬಟ್ಟೆ ಒಗೀತಿದ್ದೆ. ಒಂದು ಕಲ್ಲು ನಂದಾಗಿತ್ತು. ಅದರ ಮೇಲೂ ನೀನು ಹೋಗಿ ನಿಂತ್ಕೊಂಡೆ.”

“ನಿಂತ್ಕೊಳ್ಲಿಲ್ಲ” ಎಂದಳು ತಂಗಿ ಮೆಲ್ಲಗೆ. “ನಿಂತಿದ್ರೆ ಗೊತ್ತಿರ್ತಿತ್ತು. ನನ್ನ ಯಾರೂ ಅಲ್ಲಿಗೆ ಕರ್ಕೊಂಡು ಹೋಗ್ಲೇ ಇಲ್ಲ. ಅಜ್ಜಿಗೆ ಕೊನೇ ಮೂರು ವರ್ಷ ತಲೆ ಸರಿ ಇರ್ಲಿಲ್ಲ, ನೀನು ಬರೋದೂ ನಿಂತಿತ್ತು. ನನ್ನನ್ನ ನಿನ್ನ ಹೆಸರಿಂದ ಕರೀತಿದ್ಲು. ಗಂಜಿ ಕುಡಿಸಿದ್ರೆ ನಿನ್ನ ಹೆಸರು, ಕಾಲು ಒತ್ತಿದ್ರೆ ನಿನ್ನ ಹೆಸರು. ನಾನು ಅವಳಲ್ಲ ಅಂದ್ರೆ, ಮತ್ತೆ ಅವಳೆಲ್ಲಿ ಅಂತ ಅಳ್ತಿದ್ಲು. ಸಾಕಾಗಿ, ನಾನೇ ನೀನು ಅಂತ ಒಪ್ಕೊಂಡೆ. ಆ ಹಾಡೆಲ್ಲಾ ನಿಂಗೆ ಅಂತ ಹೇಳ್ಕೊಟ್ಟಿದ್ದು. ನಿನ್ನ ಮೇಲೆ ನಂಗೆಷ್ಟು ಉರೀತಿತ್ತು ಗೊತ್ತಾ?”

ಅಕ್ಕ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಿದ್ದಳು. ಈ ಮಾತನ್ನು ನನಗೆ ಹೇಳುವಾಗ ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಿದ್ದಳು. ಅದನ್ನು ನಾನು ಕಂಡದ್ದು ಆಗೊಮ್ಮೆ ಮಾತ್ರ. “ಖುಷಿಯಾಯ್ತು ಕಣೋ. ಮೊದಲು ಖುಷಿನೇ ಆಯ್ತು. ಅಜ್ಜಿ ನನ್ನ ಹೆಸರು ಹೇಳ್ತಿದ್ಲಂತೆ. ಆಮೇಲೆ ಅವಳ ಮುಖ ನೋಡಿದೆ. ಹದಿನಾರು ವರ್ಷದ ಹುಡುಗಿ, ಬೇರೆಯವರ ಹೆಸರಿಗೆ ಓಗೊಡ್ತಾ ಕೂತಿದ್ದಳಲ್ಲಾ ಅನ್ನಿಸ್ತು” ಎಂದಳು.

ನಾಲ್ಕು ದಿನ ಇಬ್ಬರ ನಡುವೆ ಅವಶ್ಯಕ್ಕೆ ತಕ್ಕಷ್ಟೇ ಮಾತು. ಐದನೆಯ ದಿನ ಅಕ್ಕ ಅರ್ಧ ದಿನ ರಜೆ ಹಾಕಿ ತಂಗಿಯನ್ನು ಸಂಗ್ರಹಾಲಯಕ್ಕೆ ಕರೆದೊಯ್ದಳು. “ಗಾಜು ತೆಗೀರಿ” ಎಂದಳು ಮೇಡಂಗೆ. ಮೇಡಂ ನಿಯಮ ಹೇಳಿದಳು, ಮೇಲಿನವರ ಅನುಮತಿ ಎಂದಳು. “ನಮ್ಮ ಕಾಲು ಸವೆಸಿದ ಕಲ್ಲು ಅದು. ನಮ್ಮ ಕಾಲಿಂದ ಅದಕ್ಕೇನೂ ಆಗಲ್ಲ” ಎಂದಳು ಅಕ್ಕ. ಕೊನೆಗೆ ಮೇಡಂ ಸಂದರ್ಶಕರ ಬಾಗಿಲು ಹಾಕಿಸಿದಳು. ಇಬ್ಬರು ಕೆಲಸಗಾರರು ಕಲ್ಲನ್ನು ಇಳಿಸಿ ನೆಲದ ಮೇಲಿಟ್ಟರು.

ಅಕ್ಕ ಚಪ್ಪಲಿ ಬಿಡು ಎಂದಳು, ತಂಗಿ ಬಿಟ್ಟಳು. ಹತ್ತು ಎಂದಳು, ಹತ್ತಿದಳು.

“ಈಗೇನು ಹೇಳ್ಬೇಕು?” ಎಂದು ಕೇಳಿದಳು ತಂಗಿ.

“ಏನೂ ಹೇಳ್ಬಾರ್ದು. ಒಂದ್ಸಲನಾದ್ರೂ ಬಾಯಿ ಮುಚ್ಕೊಂಡು ನಿಲ್ಲು.”

ತಂಗಿ ನಿಂತಳು. ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಕೆಲಸಗಾರರು ಗೋಡೆಗೆ ಒರಗಿದರು. ತಂಗಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಅಕ್ಕನ ಎದೆಯಲ್ಲಿ ಮತ್ತೆ ಅದೇ ಕಿಚ್ಚು ಒಮ್ಮೆ ತಲೆಯೆತ್ತಿತು: ಹತ್ತು ವರ್ಷದವಳಾಗಿ ನಿಂತಾಗ ನನಗೆ ಕಾಲು ಬೆಚ್ಚಗಾದದ್ದು ಬಿಟ್ಟು ಬೇರೇನೂ ಆಗಿರಲಿಲ್ಲ, ಇವಳಿಗೆ ಏನೇನೋ ಆಗುತ್ತಿದೆಯಲ್ಲ!

“ಸಾಕು ಇಳಿ. ಬೆಚ್ಚಗಾಗಿರುತ್ತೆ.”

“ಇನ್ನೂ ಇಲ್ಲ ಅಕ್ಕ.”

“ಪಟ್ಟಣದ ನೆಲ ಇದು, ತಡ ಆಗುತ್ತೆ. ಜರುಗು ಸ್ವಲ್ಪ” ಎಂದು ಅಕ್ಕನೂ ಚಪ್ಪಲಿ ಬಿಟ್ಟು ಪಕ್ಕಕ್ಕೆ ಹತ್ತಿದಳು. ಕಲ್ಲು ಒಬ್ಬರಿಗೆ ಸಾಕಾಗುವಷ್ಟಿತ್ತು. ಬೀಳದಿರಲು ಒಬ್ಬರ ಸೊಂಟ ಒಬ್ಬರು ಹಿಡಿದುಕೊಳ್ಳಬೇಕಾಯಿತು.

ಚೀಟಿ ಬದಲಾಯಿತು. ಓಯಿನೆ: ಕಾಡಿನೊಳಗೆ ಕಾಲಿಡುವ ಮುನ್ನ ನೆಲ ನಮ್ಮನ್ನು ಗುರುತಿಸುವವರೆಗೆ ಕಾಯುವುದು. ಕೆಳಗೆ ಇಬ್ಬರ ಹೆಸರು. ಗಾಜು ಮಾತ್ರ ಮತ್ತೆ ಬಂತು, ಮೇಲಿನವರು ಬಿಡಲಿಲ್ಲ. ಜನ ಈಗಲೂ ಕೈಮುಗಿಯುತ್ತಾರೆ, ಆದರೆ ಕೆಲವರು ಚೀಟಿ ಓದಿ ತಮ್ಮ ಕಾಲುಗಳನ್ನು ನೋಡಿಕೊಳ್ಳುತ್ತಾರೆ.

ಅಕ್ಕ ನಿವೃತ್ತಳಾದ ಮೇಲೆ ಸಂಜೆ ಹೊತ್ತು ತಂಗಿಯ ಹತ್ತಿರ ಗುಡ್ಡದ ಮಾತು ಕಲಿಯಲು ಕೂತಳು. ಬೇಗ ಬರಲಿಲ್ಲ. ತಂಗಿ ತಿದ್ದಿದರೆ ಅಕ್ಕನಿಗೆ ಮೈಯೆಲ್ಲ ಉರಿ. ಅಕ್ಕ ಸರಿಯಾಗಿ ಹೇಳಿದರೆ ತಂಗಿಯ ಮುಖ ಸಣ್ಣದು. ಕಳೆದ ತಿಂಗಳು ಅವರ ಮನೆಗೆ ಹೋಗಿದ್ದೆ. ಒಳಗಿಂದ ಇಬ್ಬರೂ ಗುಡ್ಡದ ಮಾತಿನಲ್ಲಿ ಏರುದನಿಯಲ್ಲಿ ಜಗಳವಾಡುತ್ತಿರುವುದು ಬೀದಿಗೇ ಕೇಳಿಸುತ್ತಿತ್ತು. ಬಾಗಿಲು ತೆರೆದ ಅಕ್ಕನನ್ನು ಏನು ವಿಷಯ ಎಂದು ಕೇಳಿದೆ. “ಅಜ್ಜಿಗೆ ಯಾರಂದ್ರೆ ಇಷ್ಟ ಇತ್ತು ಅಂತ” ಎಂದಳು, ಉಸಿರು ತಿರುಗಿಸಿಕೊಳ್ಳುತ್ತ, ಕೆಂಪಾದ ಮುಖದಲ್ಲಿ. “ಬೇರೆ ಮಾತಲ್ಲಾದ್ರೆ ಇಷ್ಟು ಚೆನ್ನಾಗಿ ಬೈಯೋಕೆ ಆಗಲ್ಲ ಕಣೋ. ಬಾ, ಕೂತ್ಕೋ.”