ಟೊಮೆಟೊ ತಳದ ಕಪ್ಪು

ಫೆಬ್ರವರಿ ಹನ್ನೊಂದು, ಬೆಳಿಗ್ಗೆ ಆರೂ ಮುಕ್ಕಾಲು. ಮೇಲೂರಿನ ನಮ್ಮ ತೋಟದಲ್ಲಿ ದೊಡ್ಡಮ್ಮ ಒಂದು ಟೊಮೆಟೊ ಕಿತ್ತು ತಿರುಗಿಸಿ ತೋರಿಸಿದರು. ಮೇಲೆಲ್ಲ ಕೆಂಪು, ತಳದಲ್ಲಿ ಒಣಗಿದ ಕಪ್ಪು ಮಚ್ಚೆ.

“ನೋಡೇ, ತಳ ಹತ್ತಿದ ದೋಸೆ! ಇದನ್ನ ಚಿಂತಾಮಣಿ ಮಂಡಿಗೆ ತಗೊಂಡೋದ್ರೆ ನನ್ನೂ ಸೇರ್ಸಿ ತಿಪ್ಪೆಗೆ ಹಾಕ್ತಾರೆ. ಎಲ್ಲಾ ಕಿತ್ತಾಕಿ ಬೀನ್ಸ್ ಹಾಕಣ.”

ಕಾಯಿಗೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸಾಲದಿದ್ದರೆ ಹೀಗಾಗುತ್ತದೆ. ಅದು ದೊಡ್ಡಮ್ಮನಿಗೂ ಗೊತ್ತಿತ್ತು. ಎರಡು ಸಲ ಸುಣ್ಣ ಹಾಕಿಸಿದ್ದರು. ಆದರೆ ಮಣ್ಣು ಪರೀಕ್ಷೆ ಮಾಡಿಸಿದಾಗ ನೆಲದಲ್ಲಿ ಸುಣ್ಣ ಬೇಕಾದಷ್ಟಿದೆ ಎಂದೇ ಬಂದಿತ್ತು. ಇದ್ದದ್ದು ಕಾಯಿಗೆ ಏಕೆ ಹೋಗುತ್ತಿಲ್ಲ?

ಬಗ್ಗಿ ನೋಡಿದೆ. ಸಾಲಿನ ಮಣ್ಣು ಬಿರುಕು ಬಿಟ್ಟಿತ್ತು. ನಾಲ್ಕು ದಿನಕ್ಕೊಮ್ಮೆ ನೆಲ ಕೆಸರಾಗುವಷ್ಟು ಡ್ರಿಪ್ ಪೈಪಿನಲ್ಲಿ ನೀರು ಬಿಟ್ಟು, ಮತ್ತೆ ಒಣಗಿಸುವುದು ನಮ್ಮ ರೂಢಿ. ಸುಣ್ಣ ಕಾಯಿಗೆ ಏರುವುದು ನೀರಿನ ಜೊತೆಯಲ್ಲೇ. ನೀರು ತಪ್ಪಿದರೆ ಅದೂ ತಪ್ಪುತ್ತದೆ.

“ಎರಡು ಸಾಲು ನಂಗೆ ಕೊಡಿ ದೊಡ್ಡಮ್ಮ. ಯುಗಾದಿವರ್ಗೂ ಯಾವ ಗಿಡಾನೂ ಕೀಳ್ಬೇಡಿ.”

“ಆಯ್ತು ಕಣೇ. ಆಮೇಲೂ ಕಪ್ಪಿದ್ರೆ ನಿನ್ನ ಕೈಲೇ ಕೀಳಿಸ್ತೀನಿ, ಒಂದೊಂದನ್ನೂ.”

ದಿನಾ ಬೆಳಿಗ್ಗೆ ಆ ಎರಡು ಸಾಲಿಗೆ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟೆ. ನೆಲ ಒಣಗದಿರಲೆಂದು, ನಮ್ಮ ಹುಳ ಸಾಕುವ ಮನೆಯಲ್ಲಿ ರೇಷ್ಮೆ ಹುಳು ಸೊಪ್ಪು ತಿಂದು ಉಳಿಸಿದ ಹಿಪ್ಪುನೇರಳೆ ಕಡ್ಡಿ ತಂದು ಬುಡಕ್ಕೆ ಹಾಸಿದೆ.

“ಏನಮ್ಮಾ, ಟೊಮೆಟೊಗೂ ಹುಳ ಬಿಡ್ತೀಯಾ?” ಎಂದು ದೊಡ್ಡಮ್ಮ ನಕ್ಕರು.

ಕೆಟ್ಟಿದ್ದ ಕಾಯಿ ಸರಿಹೋಗಲಿಲ್ಲ. ಅವನ್ನು ಕಿತ್ತೆಸೆದು ಹೊಸ ಕಾಯಿಗೆ ಕಾದೆ. ಮಾರ್ಚ್ ಹತ್ತರ ಬೆಳಿಗ್ಗೆ ಮಂಡಿಯೂರಿ ಒಂದೊಂದನ್ನೂ ತಿರುಗಿಸಿದೆ. ಇಪ್ಪತ್ತು ನೋಡಿದರೆ ಕಪ್ಪು ಒಂದಕ್ಕೆ. ಪಕ್ಕದ ಹಳೇ ಸಾಲಿನಲ್ಲಿ ಅಷ್ಟೇ ನೋಡಿದರೆ ಒಂಬತ್ತಕ್ಕೆ. ನಾನು ಕೂಗಿದ ಕೂಗಿಗೆ ದೊಡ್ಡಮ್ಮ ಹಾವೆಂದು ಕೋಲು ಹಿಡಿದೇ ಬಂದರು.

ಅವರೂ ಕೂತು ತಿರುಗಿಸಿದರು. ಇನ್ನೊಂದು, ಮತ್ತೊಂದು. ಕೋಲು ಅಲ್ಲೇ ಬಿತ್ತು.

“ಎಲ್ಲಾ ಸಾಲಿಗೂ ಹಿಂಗೇ ನೀರು ಬಿಡು. ಹುಳ ಮನೆ ಕಡ್ಡಿ ಪೂರಾ ಇಲ್ಲಿಗೇ ಬರ್ಲಿ.”

“ಬೀನ್ಸ್ ಬೀಜ ತಂದಿದ್ರಲ್ಲ?”

“ನಿನ್ನ ತಲೆ ಮೇಲೆ ಬಿತ್ಕೋ, ಹೋಗೇ!”

ಒಂದು ಗಿಡವನ್ನೂ ಕೀಳಲಿಲ್ಲ. ಯುಗಾದಿಯ ಹಿಂದಿನ ದಿನ ನಮ್ಮ ಟೊಮೆಟೊ ಮಂಡಿಗೆ ಹೋಯಿತು, ತಳ ಮೇಲೆ ಮಾಡಿ ಜೋಡಿಸಿದ ಕ್ರೇಟುಗಳಲ್ಲಿ.

ಹಣ್ಣಿನೊಳಗೆ ಕ್ಯಾಲ್ಸಿಯಂ ಎಷ್ಟು ಏರಿತೆಂದು ನಾನು ಅಳೆಸಿಲ್ಲ, ತಳ ನೋಡಿ ಹೇಳಿದ್ದಷ್ಟೇ. ನೀರಿನ ಪಾಲೆಷ್ಟು, ಕಡ್ಡಿಯ ಪಾಲೆಷ್ಟು ಎಂಬುದೂ ತಿಳಿಯಲಿಲ್ಲ. ಗೌರಿಬಿದನೂರಿನ ಕಡೆಯವರೋ ಮತ್ಯಾರೋ ಇವೆರಡನ್ನು ಬೇರೆ ಬೇರೆ ಮಾಡಿ ನೋಡಿದ್ದರೆ ದಯವಿಟ್ಟು ಬರೆದು ತಿಳಿಸಿ.