ಹಿಂದಿನ ಕಮಾನು

ನಾನು ಮದುವೆಯಾಗಿ ಬಂದದ್ದು ಮನೆಗಲ್ಲ, ವ್ಯಾನಿಗೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಯಾವುದೋ ದವಾಖಾನೆಯವರು ಹರಾಜಿಗೆ ಹಾಕಿದ ಹಳೆಯ ಗಾಡಿಯೊಂದನ್ನು ನನ್ನ ಗಂಡ ಹಿಡಿದಿದ್ದ. ಒಳಗೊಂದು ಮಂಚ ಮಾಡಿಸಿ, ಸೀಮೆಎಣ್ಣೆ ಸ್ಟೋವು ಇಡಲು ಹಲಗೆ ಹೊಡೆಸಿ, ಅದನ್ನೇ ಮನೆ ಮಾಡಿಕೊಂಡಿದ್ದ. ಸಂತೆಯಿಂದ ಸಂತೆಗೆ ಹೋಗಿ ಫೋಟೋ ತೆಗೆಯುವುದು ಅವನ ಕಸುಬು. ರಾಯಚೂರು, ಗಬ್ಬೂರು, ದೇವದುರ್ಗ, ಜಾಲಹಳ್ಳಿ, ಮಾನ್ವಿ, ತಿರುಗಿ ರಾಯಚೂರು. ಗಾಡಿಯಲ್ಲಿ ನಾವು ಮೂವರು: ಗಂಡ, ಅತ್ತೆ, ನಾನು. ಆಗೆಲ್ಲ ಗಂಡನಿಗೆ ‘ಅವರು’ ಎನ್ನುತ್ತಿದ್ದೆ. ಈಗ ‘ಅವನು’ ಎನ್ನುತ್ತೇನೆ. ಯಾರು ಏನು ಹರಕೊಳ್ಳುತ್ತಾರೋ ಹರಕೊಳ್ಳಲಿ.

ಗಾಡಿ ಓಡುವಾಗ ಅವನು ಸ್ಟಿಯರಿಂಗ್ ಹಿಡಿಯುತ್ತಿದ್ದ, ಪಕ್ಕದ ಸೀಟಿನಲ್ಲಿ ಅತ್ತೆ ಕೂರುತ್ತಿದ್ದಳು. ನನ್ನ ಜಾಗ ಹಿಂದೆ, ಮಂಚದ ಮೇಲೆ. ಆ ಮಂಚವೋ, ಹಿಂದಿನ ಗಾಲಿಗಳ ನೆತ್ತಿಯ ಮೇಲೆಯೇ ಇತ್ತು. ಗಾಲಿಗೂ ಗಾಡಿಗೂ ನಡುವೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ ಬಿಗಿದಿರುತ್ತಾರಲ್ಲ, ಅದಕ್ಕೆ ನಮ್ಮ ಕಡೆ ಕಮಾನು ಎನ್ನುತ್ತಾರೆ. ನಮ್ಮ ಗಾಡಿಯ ಹಿಂದಿನ ಕಮಾನು ಬಾಗು ಕಳೆದುಕೊಂಡು ರೊಟ್ಟಿಯ ಹಾಗೆ ಚಪ್ಪಟೆಯಾಗಿತ್ತು. ಎರೆಮಣ್ಣಿನ ದಾರಿ, ಮೇಲೆ ಎದ್ದ ಜಲ್ಲಿ. ಒಂದೊಂದು ಕುಣಿಗೂ ಕಬ್ಬಿಣಕ್ಕೆ ಕಬ್ಬಿಣ ಬಡಿದು ಧಡ್ ಎನ್ನುತ್ತಿತ್ತು. ಹೊಸದರಲ್ಲಿ ನಾನೂ ನಗುತ್ತಿದ್ದೆ.

ಬಸುರಾದ ಮೇಲೆ ನಗು ಬರಲಿಲ್ಲ. ಐದು ತಿಂಗಳಾಗುವ ಹೊತ್ತಿಗೆ ಕುಣಿ ಬಂತೆಂದರೆ ಎರಡೂ ಕೈಯಿಂದ ಹೊಟ್ಟೆ ಎತ್ತಿ ಹಿಡಿಯುತ್ತಿದ್ದೆ. ಗಬ್ಬೂರಿನಲ್ಲಿ ಒಬ್ಬ ಸೂಲಗಿತ್ತಿ ಮುಟ್ಟಿ ನೋಡಿ ಅತ್ತೆಗೇ ಹೇಳಿದಳು. “ಕೂಸು ಕೆಳಗ ಜಾರ್‍ಯಾಕತ್ತದ ಯವ್ವಾ. ಈ ಕುಲುಕಾಟ ನಿಂದ್ರಸ್ರಿ. ಇಲ್ಲಂದ್ರ ಉಳಿಯಂಗಿಲ್ಲ.”

ಏಳನೆಯ ತಿಂಗಳಿಗೆ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ತವರಿನವರು ಬಸುರಿಯನ್ನು ಕರೆದುಕೊಂಡು ಹೋಗುವುದು ನಮ್ಮ ಪದ್ಧತಿ. ನನ್ನ ತವರು ಚಂದ್ರಬಂಡ. ಅಲ್ಲಿಯ ನೆಲ ಅಲುಗುವುದಿಲ್ಲ. ಕುಬಸದ ತನಕ ಕೂಸನ್ನು ಹೇಗಾದರೂ ಉಳಿಸಿಕೊಂಡರೆ ಗೆದ್ದೆ ಎಂದುಕೊಂಡೆ. ಈಗಲೇ ಕಳಿಸಿ ಎಂದದ್ದಕ್ಕೆ, “ಕುಬಸ ಆಗದ ಹೆಂಗ ಹೋಕ್ಕಿ? ಇಲ್ಲಿ ರೊಟ್ಟಿ ಯಾರ ಬಡೀಬೇಕು, ನಿಮ್ಮಪ್ಪ ಬರ್ತಾನೇನು?” ಎಂದಳು ಅತ್ತೆ. ಊರಿಂದ ಊರಿಗೆ ನನ್ನನ್ನು ಬಸ್ಸಿನಲ್ಲಾದರೂ ಹತ್ತಿಸಿ ಎಂದರೆ ಗಂಡನಿಗೆ ಮರ್ಯಾದೆಯ ಚಿಂತೆ. “ಸ್ವಂತ ಗಾಡಿ ಇಟ್ಕೊಂಡು ಹೆಂಡ್ತಿನ ಬಸ್ಸಿಗೆ ಹತ್ತಿಸಿದ್ರ ಮಂದಿ ಬಾಯಾಗ ಬೀಳ್ತೀನಿ.”

ಕೊನೆಗೆ ನಾಚಿಕೆ ಬಿಟ್ಟು ಕೇಳಿದೆ. “ಅತ್ತೀ, ನಾ ಒಂದೀಟು ಮುಂದ ಕುಂದ್ರಲೇನ್ರೀ? ಹಿಂದ ಭಾಳ ಹೊಡ್ಯಾಕತ್ತದ.”

“ಗಂಡನ ಮಗ್ಗಲಾಗ ಕುಂತು ಊರ ಮುಂದ ಮೆರೀಬೇಕೇನು?” ಅತ್ತೆ ಸೆರಗು ಸರಿಮಾಡಿಕೊಂಡಳು. “ಅದು ಮಗನ್ನ ಹಡದಾಕಿ ಸೀಟು.”

ನಾನು ದಿನವೂ ಅತ್ತು ಅತ್ತು ಗಂಡನಿಗೇ ಬೇಸರ ಬಂತು. ಕರುಣೆಯಲ್ಲ, ಬೇಸರ. ರಾಯಚೂರಿನ ಸ್ಟೇಷನ್ ಕಡೆಯ ಒಂದು ರಿಪೇರಿ ಶೆಡ್ಡಿಗೆ ಗಾಡಿ ಒಯ್ದ. ಮೊದಲು ಹಳೆಯ ಪಟ್ಟಿಗಳನ್ನೇ ಕಾಯಿಸಿ, ಬಡಿದು, ಬಾಗು ಎತ್ತಿಕೊಡು ಎಂದ. ಮಿಸ್ತ್ರಿ ಹಾಗೇ ಮಾಡಿದ. ಆದರೆ, “ಇವು ಎರಡು ದಿನದ ಆಟ ಸಾಬ್, ಮತ್ತ ಮಲಗ್ತಾವ,” ಎಂದು ಹೇಳಿದ. ಆಗ ಗಂಡ ಬೈಯುತ್ತ ಹೊಸ ಪಟ್ಟಿಗಳನ್ನೂ ಮಾಡಿಸಿದ. ಹೀಗಾಗಿ ಶೆಡ್ಡಿನ ನೆಲದ ಮೇಲೆ ಹಳೆಯವು, ಹೊಸವು ಎರಡೂ ಬಿದ್ದಿದ್ದವು. ಎರಡಕ್ಕೂ ಒಂದೇ ಕರಿ ಬಣ್ಣ ಬಳಿದಿದ್ದರು. ಗ್ರೀಸು ಹಾಕಲೆಂದು ಮುಂದಿನ ಗಾಲಿಗಳ ಕಮಾನನ್ನೂ ಬಿಚ್ಚಿಟ್ಟಿದ್ದರು.

ನಾನು ಗಾಡಿಯ ಪಕ್ಕ ನೆರಳಲ್ಲಿ ಕೂತಿದ್ದೆ. ಗಂಡ ಆಚೆ ಇಬ್ಬರು ಡ್ರೈವರುಗಳ ಜೊತೆ ಇಸ್ಪೀಟು ಆಡುತ್ತಿದ್ದ. ಮಿಸ್ತ್ರಿ ಕೂಗಿ ಕೇಳಿದ. “ಸಾಬ್, ಯಾವ ಹಾಕ್ಲಿ?”

ಗಂಡ ಎಲೆಗಳಿಂದ ಕಣ್ಣು ಎತ್ತಲಿಲ್ಲ. “ಹಿಂದಿನಾವ ಹಾಕೋ!”

ನನ್ನ ಕಿವಿಯಿಂದಲೇ ಕೇಳಿದೆ. ಮೊದಲು ಹಿಂದಿನ ಗಾಲಿಯ ಕೆಲಸ ಮುಗಿಸು ಎಂದು ಅವನ ಅರ್ಥ. ನನಗೂ ಹಾಗೆಯೇ ಕೇಳಿಸಿತು. ಮಿಸ್ತ್ರಿಗೆ ಕೇಳಿಸಿದ್ದೇ ಬೇರೆ ಎಂದು ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಅವನು ಕೇಳಿದ್ದು ಹಳೆಯವೋ ಹೊಸವೋ ಎಂದು. ಹಿಂದಿನವು ಅಂದರೆ ಮೊದಲಿದ್ದವು. ಸಾಹೇಬರು ಹೊಸವನ್ನು ಕಾದಿಟ್ಟುಕೊಳ್ಳುತ್ತಾರೆ ಎಂದುಕೊಂಡು ಹಳೆಯವನ್ನೇ ಏರಿಸಿ ಬಿಗಿದುಬಿಟ್ಟ. ಉಳಿದವನ್ನು ಗೋಣಿಚೀಲದಲ್ಲಿ ಸುತ್ತಿ ನನ್ನ ಮಂಚದ ಕೆಳಗೆ ತಳ್ಳಿದ. ಬಿಚ್ಚಿದ ಸಾಮಾನನ್ನು ಗಿರಾಕಿಗೆ ವಾಪಸು ಕೊಡುವುದು ಶೆಡ್ಡಿನವರ ರೂಢಿ. ಚೀಲದಲ್ಲಿರುವುದು ಹಳೆಯ ಕಬ್ಬಿಣ ಎಂದು ನಾವು ಮೂವರೂ ನಂಬಿದೆವು.

ಮೊದಲ ಎರಡು ದಿನ ಗಾಡಿ ನಿಜವಾಗಿಯೂ ಮೆತ್ತಗೆ ಹೋಯಿತು. ನಾನು ಹೊಟ್ಟೆ ಸವರಿಕೊಂಡು, “ಇನ್ನ ಅಂಜಬ್ಯಾಡ,” ಎಂದು ಕೂಸಿಗೆ ಹೇಳಿದೆ. ಮೂರನೆಯ ದಿನ ಮತ್ತೆ ಧಡ್ ಎಂದಿತು.

“ನೋಡ್ರಿ, ಮತ್ತ ಬಡ್ಯಾಕತ್ತದ,” ಎಂದೆ.

“ಏನ ಬಡೀತದ?” ಗಂಡ ಗಾಡಿ ನಿಲ್ಲಿಸಲಿಲ್ಲ. “ಹೊಸಾ ಕಮಾನ ಹಾಕ್ಸೀನಿ. ಇನ್ನೇನ ಪಲ್ಲಕ್ಕಿ ತರಸ್ಲಿ?”

ಅತ್ತೆ ಹಿಂದೆ ತಿರುಗಿ ನೋಡಿದಳು. “ಕಮಾನ ಹೊಸಾವ ಅದಾವ. ನಿನ್ನ ಸೊಂಟನ ಗುಜರಿ ಮಾಲು.”

ಆ ಮಾತಿಗೆ ತಾಯಿ ಮಗ ಇಬ್ಬರೂ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಮುಂದೆ ನನ್ನ ಬಾಯಿ ಕಟ್ಟಿತು. ಮೊದಲಾದರೆ ಗಾಡಿ ಕೆಟ್ಟಿದೆ ಎಂದು ಹೇಳಬಹುದಿತ್ತು. ಈಗ ಗಾಡಿ ನೆಟ್ಟಗಿತ್ತು, ನಾನೇ ಸೋಗು ಹಾಕುವವಳಾದೆ. ದೇವದುರ್ಗದ ಸಂತೆಯಲ್ಲಿ ಅತ್ತೆ ಬಳೆಗಾರ್ತಿಯ ಎದುರಿಗೇ ಹೇಳಿದಳು: “ರೊಟ್ಟಿ ಬಡಿಯೂದು ತಪ್ಪಸಾಕ ಹೊಟ್ಟಿ ನೋವು ಅಂತಾಳ, ಭಾರಿ ಬೆರಕಿ ಅದಾಳ.” ನನಗೇ ಅನುಮಾನ ಬರತೊಡಗಿತು. ಹೊಸ ಕಮಾನು ಹಾಕಿದ್ದಾರೆ, ಹಾಗಾದರೆ ಈ ನೋವು ನಿಜವೋ ಸುಳ್ಳೋ ಎಂದು ನನ್ನ ಮೈಯನ್ನೇ ಕೇಳಿಕೊಳ್ಳುತ್ತಿದ್ದೆ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕುಬಸಕ್ಕೆ ದಿನ ನೋಡಿಸಿದ್ದರು. ಅದಕ್ಕೂ ಮೊದಲು ಒಂದು ಮಧ್ಯಾಹ್ನ, ಜಾಲಹಳ್ಳಿ ದಾಟಿ ಬರುವಾಗ, ಹಳ್ಳದ ಸೇತುವೆಯ ಬಾಯಲ್ಲಿ ಗಾಡಿ ಕುಣಿಗೆ ಬಿತ್ತು. ಮಂಚ ನನ್ನನ್ನು ಎತ್ತಿ ಒಗೆಯಿತು. ತೊಡೆಯ ನಡುವೆ ಬಿಸಿ ನೀರು ಹರಿಯಿತು. “ಯವ್ವಾ!” ಎಂದು ಚೀರಿದೆ. ಅತ್ತೆ ಹಿಂದೆ ತಿರುಗಲಿಲ್ಲ. ಎರಡನೆಯ ಸಲ ಚೀರಿದಾಗ ಗಂಡ, “ಶುರು ಆತು ನೋಡು ನಾಟಕ,” ಎಂದ. ರಕ್ತ ಹಲಗೆಯ ಸಂದಿಯಿಂದ ಹರಿದು ಸ್ಟೋವಿನ ತನಕ ಬಂದ ಮೇಲೆ ಗಾಡಿ ನಿಂತಿತು.

ಹೆಣ್ಣು ಕೂಸು. ಉಸಿರೇ ಆಡಲಿಲ್ಲ. ಕೂಸನ್ನು ಸುತ್ತಲು ಬಟ್ಟೆ ಬೇಕೆಂದು ಅತ್ತೆ ಕ್ಯಾಮೆರಾದ ಮೇಲೆ ಹೊದಿಸುವ ಕರಿ ಬಟ್ಟೆಗೆ ಕೈ ಹಾಕಿದಳು. “ಅದು ಬ್ಯಾಡ, ನಾಳೆ ಸಂತ್ಯಾಗ ಬೇಕು,” ಎಂದ ಗಂಡ. ನನ್ನ ಹಳೆಯ ಲಂಗ ಹರಿದು ಸುತ್ತಿದರು. ದಾರಿಯ ಎಡಕ್ಕೆ ಒಂದು ಬನ್ನಿಮರ ಇತ್ತು, ಅದರಾಚೆ ಹೊಲದ ಬದು. ಅಲ್ಲಿ ಗಂಡ ಜಾಕಿಯ ರಾಡಿನಿಂದ ನೆಲ ಕೆದರುವುದನ್ನು ಕಿಟಕಿಯಿಂದ ನೋಡಿದೆ. ಮುಖ ತೋರಿಸಿರಿ ಎಂದು ಬೇಡಿಕೊಂಡೆ. “ನೋಡಿ ಏನ್ ಮಾಡ್ತಿ? ಮಲಕೋ,” ಎಂದಳು ಅತ್ತೆ. ಊರೂರಿನ ಕೂಸುಗಳ ಫೋಟೋ ತೆಗೆಯುವವನ ಮಗಳ ಮುಖ ನಾನು ನೋಡಲಿಲ್ಲ.

ಕೆಲವು ವಾರದ ಮೇಲೆ ಮಾನ್ವಿಯ ಸಂತೆಯಲ್ಲಿ ಅತ್ತೆಗೆ ಮಂಚದ ಕೆಳಗಿನ ಗೋಣಿಚೀಲ ಕಣ್ಣಿಗೆ ಬಿತ್ತು. ಸುಮ್ಮನೆ ಭಾರ ಎಂದು ಗುಜರಿಯವನನ್ನು ಕರೆಸಿದಳು. ಅವನು ಚೀಲ ಬಿಚ್ಚಿ, ಪಟ್ಟಿಗಳನ್ನು ತಿರುಗಿಸಿ ನೋಡಿ, ನಮ್ಮ ಮುಖ ನೋಡಿದ.

“ಯಾಕ್ರೀ, ಇವು ಹೊಸಾವು ಅದಾವಲ್ಲ? ಒಂದ ಗೀರ ಸೈತ ಬಿದ್ದಿಲ್ಲ. ಗುಜರಿಗೆ ಯಾಕ ಹಾಕಾಕತ್ತೀರಿ?”

ಗಂಡ ಗಾಡಿಯ ಕೆಳಗೆ ತೂರಿ ನೋಡಿದ. ಮೇಲೆ ಏರಿಸಿದ್ದು ಹಳೆಯವೇ, ಮತ್ತೆ ಚಪ್ಪಟೆಯಾಗಿದ್ದವು. ಅಷ್ಟೂ ದಿನ ನಾನು ಮಲಗಿದ್ದದ್ದು ಹೊಸ ಕಮಾನಿನ ಮೇಲೆಯೇ, ನಡುವೆ ಒಂದು ಹಲಗೆ ಮಾತ್ರ ಇತ್ತು.

ಗಂಡ ರಾಯಚೂರಿಗೆ ಹೋಗಿ ಮಿಸ್ತ್ರಿಯ ಕೊರಳಪಟ್ಟಿ ಹಿಡಿದ. ಮಿಸ್ತ್ರಿ ಹೆದರಿದ. “ಅರೇ ಸಾಬ್, ನೀವ ಅಂದ್ರಲ್ಲ? ಹಿಂದಿನಾವ ಹಾಕೋ ಅಂತ!” ಗಂಡ ಹಿಡಿದ ಕೊರಳಪಟ್ಟಿ ಬಿಟ್ಟ. ಆಮೇಲೆ, “ಇವ್ನೌನ!” ಎಂದು ತೊಡೆ ತಟ್ಟಿ ನಕ್ಕ. ಮಿಸ್ತ್ರಿಯೂ ಬದುಕಿದೆ ಎಂದು ನಕ್ಕ. ಇಬ್ಬರೂ ಚಹಾ ಕುಡಿದರು. ನನಗೆ ಇಬ್ಬರನ್ನೂ ಅದೇ ಉಕ್ಕಿನ ಪಟ್ಟಿಯಿಂದ ಬಡಿದು ಹಾಕಬೇಕೆನಿಸಿತು.

ಹೊಸ ಕಮಾನು ಕೂತ ಮೇಲೆ ಗಾಡಿ ಹಾಲಿನಂತೆ ಹೋಗತೊಡಗಿತು. ಅತ್ತೆ ಮಂಚದ ಮೇಲೆ ಕೂತು ನೋಡಿದಳು, ಒರಗಿ ನೋಡಿದಳು, ಕಾಲು ಚಾಚಿದಳು. “ಹೋಗು, ಮುಂದ ಕುಂದ್ರು ಹೋಗು,” ಎಂದು ನನ್ನನ್ನು ಎಬ್ಬಿಸಿದಳು. ಗಾಡಿ ಮಾರುವ ತನಕ ಆ ಮಂಚ ಅವಳದೇ ಆಯಿತು.

ಎಂಬತ್ತರ ದಶಕದಲ್ಲಿ ಗಾಡಿ ಮಾರಿ ರಾಯಚೂರಿನಲ್ಲಿ ಮನೆ ಹಿಡಿದೆವು. ಗಂಡ ಒಂದು ಫೋಟೋ ಅಂಗಡಿ ಹಾಕಿದ. ಮನೆಗೆ ನಾಲ್ಕು ಮಂದಿ ಬಂದರೆ ಅವನ ಹತ್ತಿರ ಒಂದು ಕತೆ ಇರುತ್ತಿತ್ತು: ಹಿಂದಿನವು ಹಾಕು ಅಂದರೆ ಹಿಂದಿನವನ್ನೇ ಹಾಕಿದ ಮಿಸ್ತ್ರಿಯ ಕತೆ. ಮಿಸ್ತ್ರಿಯ ದನಿ, ಗುಜರಿಯವನ ದನಿ, ಎಲ್ಲ ತೆಗೆದು ಹೇಳುತ್ತಿದ್ದ. ಮಂದಿ ಹೊಟ್ಟೆ ಹಿಡಿದು ನಗುತ್ತಿದ್ದರು. ವರ್ಷಗಟ್ಟಲೆ ನಾನು ಆ ನಗುವಿನ ನಡುವೆ ಚಹಾ ಕೊಟ್ಟಿದ್ದೇನೆ.

ಒಂದು ದಿನ ಕೊಡಲಿಲ್ಲ. ತಟ್ಟೆ ಕೆಳಗಿಟ್ಟೆ. “ಅಷ್ಟಕ್ಕ ಯಾಕ ನಿಲ್ಲಸ್ತೀರಿ? ಕೂಸಿನ್ನ ಎಲ್ಲಿ ಹುಗದ್ರಿ, ಅದನ್ನೂ ಹೇಳ್ರಿ,” ಎಂದೆ.

ಬಂದವರ ನಗು ನಿಂತಿತು. ಗಂಡ ನನ್ನನ್ನು ನೋಡಿದ, ಛಾವಣಿ ನೋಡಿದ. ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದ. ಬರಲಿಲ್ಲ. ಬಾಗಿಲ ಬಳಿ ಕೂತಿದ್ದ ತಾಯಿಯ ಕಡೆ ತಿರುಗಿದ. “ಎಲ್ಲಿ ಬೇ ಅದು? ಗಬ್ಬೂರ ಕಡೀಗೇನು?”

ಅತ್ತೆ ಅಡಕೆ ಕತ್ತರಿಸುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು:

“ಯಾವುದು?”