ಹೊಸ್ತಿಲ ಹೊರಗಿನ ಚಪ್ಪಲಿ

ಆ ಇಬ್ಬರ ಚಪ್ಪಲಿಗಳು ನಮ್ಮ ಮನೆಯ ಬಾಗಿಲಲ್ಲಿ ಏಕಕಾಲಕ್ಕೆ ಇರಬಾರದು ಎಂಬ ಕಾಯಿದೆ ಮಾಡಿದವಳು ನಾನೇ. ಬೇರೆಯಾದ ಗಂಡ ಹೆಂಡತಿ ಮಗುವನ್ನು ಕೊಡುವಾಗಲೂ ಕರೆದೊಯ್ಯುವಾಗಲೂ ಎದುರುಬದುರಾಗಬಾರದು ಎಂದಷ್ಟೇ ಕೋರ್ಟು ಹೇಳಿತ್ತು. ಅದನ್ನು ನಡೆಸುವುದು ಹೇಗೆಂದು ಹೇಳಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೆಹದಿಪಟ್ಟಣಂನ ಬಸ್ಸುಗಳ ಗದ್ದಲ ಕೇಳಿಸುವಷ್ಟು ಹತ್ತಿರದ ಕಾಲೋನಿಯಲ್ಲಿ ನಮ್ಮ ಮನೆ. ನಮ್ಮವರು ಬಾಲಾನಗರದ ಕಾರ್ಖಾನೆಯಿಂದ ನಿವೃತ್ತರಾದ ಹೊತ್ತಿಗೆ ಊರಿನ ಪಶ್ಚಿಮಕ್ಕೆ ಗಾಜಿನ ಕಟ್ಟಡಗಳು ಎದ್ದಿದ್ದವು. ನಮ್ಮ ಕಡೆಯ ಹುಡುಗರು, ಹುಡುಗಿಯರು ಅಲ್ಲಿಗೆ ಕೆಲಸಕ್ಕೆ ಸೇರುತ್ತಿದ್ದರು. ಮನೆಯಲ್ಲಿ ಸುಮ್ಮನೆ ಕೂರಲಾರದ ಇವರು ಅವರಿಗೆಲ್ಲ ಸಂಬಂಧ ಹುಡುಕುವ ಉಸಾಬರಿ ಹಚ್ಚಿಕೊಂಡರು. ಈ ಜೋಡಿಯನ್ನು ಕೂಡಿಸಿದವರೂ ಇವರೇ. ಹುಡುಗ ಇವರಿಗೆ ಅಣ್ಣನ ವರಸೆಯವನ ಮಗ. ಹುಡುಗಿ ನಮ್ಮ ಓಣಿಯಲ್ಲೇ ಫ್ರಾಕು ಹಾಕಿಕೊಂಡು ಆಡಿ ಬೆಳೆದವಳು. ಇಬ್ಬರೂ ಒಂದೇ ರಸ್ತೆಯ ಮೇಲಿನ ಕಂಪನಿಗಳಲ್ಲಿದ್ದರು. "ಜಾತಕ ಬಿಡು, ಬಸ್ಸಿನ ರೂಟೇ ಕೂಡಿ ಬಂದೈತಿ" ಎಂದು ಇವರು ಹಿಗ್ಗಿ ಹೀರೇಕಾಯಿಯಾಗಿದ್ದರು.

ಆ ಮದುವೆ ಯಾಕೆ ಮುರಿಯಿತು ಎಂದು ಕೇಳಬೇಡಿ. ಕೇಳಿದವರಿಗೆಲ್ಲ ನಾನು ಚಹಾ ಕೊಟ್ಟು ಕಳಿಸಿದ್ದೇನೆ.

ಅವರಿಗೊಬ್ಬ ಮಗಳು, ಆಗಿನ್ನೂ ಶಾಲೆಗೆ ಸೇರುವ ವಯಸ್ಸು. ತಾಯಿಯ ಹತ್ತಿರ ಇದ್ದಳು. ತಂದೆ ಅವಳನ್ನು ಮೊದಮೊದಲು ಕೋರ್ಟಿನ ಒಂದು ಕೋಣೆಯಲ್ಲೇ ನೋಡಬೇಕಿತ್ತು. ಗೋಡೆಗೆ ಆನೆ, ಮೊಲಗಳ ಚಿತ್ರ ಬಳಿದಿದ್ದರು. ಬಾಗಿಲಲ್ಲಿ ಒಬ್ಬ ಅಟೆಂಡರ್ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಒಂದೊಂದು ಮೂಲೆಯಲ್ಲಿ ಒಬ್ಬೊಬ್ಬ ಅಪ್ಪ, ಕೈಯಲ್ಲಿ ಒಂದೊಂದು ಗೊಂಬೆ. ಈ ಕೂಸು ಆ ಕೋಣೆಗೆ ಹೋದರೆ ಮೇಜಿನ ಕೆಳಗೆ ಸೇರಿಬಿಡುತ್ತಿತ್ತು. ಒಮ್ಮೆ ಅಲ್ಲೇ ಕೂತು ಬಟ್ಟೆ ಒದ್ದೆ ಮಾಡಿಕೊಂಡಿತು. ತಾಯಿ ಹೆದರಿಸಿ ಕಳಿಸುತ್ತಾಳೆ ಎಂದು ಒಬ್ಬ ವಕೀಲ, ತಂದೆಯನ್ನು ಕಂಡರೇ ಹೆದರುತ್ತದೆ ಎಂದು ಇನ್ನೊಬ್ಬ. ಆ ಕೋಣೆಗೇ ಮಗು ಹೆದರುತ್ತಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಕೊನೆಗೆ ನ್ಯಾಯಾಧೀಶರೇ, ಇಬ್ಬರಿಗೂ ನಂಬಿಕೆಯಿರುವ ಮನೆ ಯಾವುದಾದರೂ ಇದೆಯೇ ಎಂದು ಕೇಳಿದರಂತೆ. ಬೇರೆ ಯಾವುದಕ್ಕೂ ಒಪ್ಪದವರು ನಮ್ಮ ಮನೆಗೆ ಒಪ್ಪಿದರು. ಆದರೆ ಏನಾದರೂ ರಗಳೆಯಾಯಿತೆಂದು ಯಾರೇ ಬಂದು ಹೇಳಿದರೂ ಭೇಟಿ ಮತ್ತೆ ಅದೇ ಕೋಣೆಯಲ್ಲಿ ಎಂದು ಅಪ್ಪಣೆಯಾಯಿತು.

ಹಾಗಾಗಿ ಚಪ್ಪಲಿಯ ಕಾಯಿದೆ. ತಾಯಿ ಶನಿವಾರ ಮುಂಜಾನೆ ಮಗಳನ್ನು ಬಿಟ್ಟು ಹೋಗುವಳು. ಅವಳ ಚಪ್ಪಲಿ ಹೊಸ್ತಿಲ ಹೊರಗೆ ಇರುವ ತನಕ ಅವನು ಮೂಲೆಯ ಇರಾನಿ ಹೋಟೆಲಿನಲ್ಲಿ ಕಾಯಬೇಕು. ಸಂಜೆ ಅವನ ಬೂಟು ಕಂಡರೆ ಅವಳು ಗೇಟು ದಾಟಬಾರದು. ಮೊದಲ ಕೆಲವು ತಿಂಗಳು ಅವನು ನಮ್ಮ ಹಾಲಿನಲ್ಲೇ ಕೂತು ಮಗಳ ಜೊತೆ ಆಡಬೇಕಿತ್ತು. ನಾನು ಮೆಂತ್ಯ ಸೊಪ್ಪು ಬಿಡಿಸುತ್ತ ಎದುರಿಗೇ ಕೂತಿರಬೇಕಿತ್ತು. ಹೆತ್ತ ಮಗಳಿಗೆ ಒಂದು ಚಾಕಲೇಟು ಕೊಡಲು ಅವನು ನನ್ನ ಮುಖ ನೋಡುತ್ತಿದ್ದ. ನನಗೆ ನಾಚಿಕೆಯಾಗಿ ತಲೆ ಎತ್ತುತ್ತಿರಲಿಲ್ಲ. ಆಮೇಲೆ ಹೊರಗೆ ಕರೆದೊಯ್ಯಲು ಅನುಮತಿ ಸಿಕ್ಕಿತು. ಶಂಶಾಬಾದಿನ ಕಡೆ ಹೋಗಿ ವಿಮಾನ ಇಳಿಯುವುದನ್ನು ನೋಡಿ ಬರುತ್ತಿದ್ದರು. ಕೂಸು ಬಾಯಿ ಬಿಟ್ಟು ನಗತೊಡಗಿತು. ಮನೆಗೆ ಬಂದ ಕೂಡಲೇ ಮೊದಲು ಬಗ್ಗಿ ಚಪ್ಪಲಿ ನೋಡುತ್ತಿತ್ತು. ಯಾರು ಒಳಗಿದ್ದಾರೆ, ಯಾರು ಇಲ್ಲ ಎಂದು ಅದಕ್ಕೆ ಅಲ್ಲೇ ತಿಳಿಯುತ್ತಿತ್ತು.

ಆ ವರ್ಷ ದಸರಾ ಶನಿವಾರವೇ ಬಂತು. ನಮ್ಮಲ್ಲಿ ಆ ಸಂಜೆ ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತೇವೆ. ಇಲ್ಲಿಯ ತೆಲುಗರು ಅದನ್ನೇ ಜಮ್ಮಿ ಎಂದು ಕೊಡುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಚಾಚಿದ ಬನ್ನಿಯನ್ನು ಒಲ್ಲೆ ಎನ್ನುವಂತಿಲ್ಲ. ಇದನ್ನೇ ನೆಚ್ಚಿಕೊಂಡು ನಮ್ಮವರು ನನಗೂ ತಿಳಿಸದೆ ಒಂದು ಹೂಟ ಹೂಡಿದ್ದರು. ಕೂಸಿನ ತಾಯಿಗೆ ಫೋನು ಮಾಡಿ, "ಇವತ್ತ ಲಗೂ ಬಂದು ಬನ್ನಿ ತಗೊಂಡು ಹೋಗವ್ವಾ" ಎಂದಿದ್ದರು. ಹಿರಿಯರು ಕರೆದರೆಂದು ಅವಳು ಬಂದಳು. ಅವಳು ದೇವರ ಕೋಣೆಗೆ ಹೋದ ಮೇಲೆ ಹೊರಗಿದ್ದ ಅವಳ ಚಪ್ಪಲಿಯನ್ನು ಎತ್ತಿ ಬಾಗಿಲ ಹಿಂದೆ ಇಟ್ಟರು. ಉಂಡ ತಾಟನ್ನೇ ಎಂದೂ ಎತ್ತದ ಮನುಷ್ಯ ಅದು. ನಾನು ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದೆ.

ಹೊಸ್ತಿಲು ಖಾಲಿ ಕಂಡು ಅವನು ಮಗಳನ್ನು ಎತ್ತಿಕೊಂಡು ನೇರ ಒಳಗೆ ಬಂದ. ನಾನು ಸೌಟು ಹಿಡಿದೇ ಹೊರಗೆ ಬಂದು ನೋಡಿದರೆ ಹಾಲಿನಲ್ಲಿ ಇಬ್ಬರೂ ನಿಂತಿದ್ದಾರೆ. ನಡುವೆ ಇವರು, ಕೈತುಂಬ ಬನ್ನಿ ಹಿಡಿದುಕೊಂಡು.

"ಇವತ್ತೊಂದಿನ ಯಾರೂ ಏನೂ ಅನಬ್ಯಾಡ್ರಿ. ಬನ್ನಿ ತಗೋರಿ, ಬಂಗಾರದಂಗ ಇರ್ರಿ" ಎಂದರು.

ಅವನು ಎಲೆ ಕೊಟ್ಟ. ಅವಳು ತೆಗೆದುಕೊಂಡಳು. ಅವಳು ಕೊಟ್ಟಳು, ಅವನು ತೆಗೆದುಕೊಂಡ. ಇಬ್ಬರ ಕಣ್ಣೂ ನೆಲದ ಮೇಲೆ. ಅವಳ ಕೈಯಿಂದ ಎಲೆಗಳು ನೆಲಕ್ಕೆ ಉದುರಿದವು. ಜಗಳವಾಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತೇನೋ ಎಂದು ಈಗಲೂ ಅನ್ನಿಸುತ್ತದೆ.

ಕೂಸು ಒಮ್ಮೆ ಅವನನ್ನು ನೋಡಿತು, ಒಮ್ಮೆ ಅವಳನ್ನು. ಆಮೇಲೆ ಬಾಗಿಲ ಹಿಂದಿನಿಂದ ತಾಯಿಯ ಚಪ್ಪಲಿ ಹುಡುಕಿ ತೆಗೆಯಿತು. ಹೊರಗೆ ಒಯ್ದು ತಂದೆಯ ಬೂಟಿನ ಪಕ್ಕ ಜೋಡಿಸಿತು. ನಡುವೆ ಜಾಗ ಮಾಡಿ ತನ್ನ ಪುಟ್ಟ ಸ್ಯಾಂಡಲ್ಲುಗಳನ್ನು ಇಟ್ಟಿತು. ಒಳಗೆ ಬಂದು ಇಬ್ಬರ ಬೆರಳನ್ನೂ ಹಿಡಿದು ಎಳೆಯಿತು.

"ನಡೀರಿ, ಮನಿಗೆ ಹೋಗೂಣು."

ಅವನು ನಿಧಾನವಾಗಿ ಬೆರಳು ಬಿಡಿಸಿಕೊಂಡು, ಬೂಟು ಹಾಕಿಕೊಳ್ಳದೆ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿದ. ಕೂಸು ತಾಯಿಯ ಚಪ್ಪಲಿಯನ್ನು ಎದೆಗವಚಿಕೊಂಡು ಕೂತುಬಿಟ್ಟಿತು. ಕೊಟ್ಟರೆ ಅವಳೂ ಹೋಗಿಬಿಡುತ್ತಾಳೆ ಎಂಬ ಹೆದರಿಕೆ. ಎಷ್ಟು ರಮಿಸಿದರೂ ಕೊಡಲಿಲ್ಲ. ಅತ್ತು ಅತ್ತು ಸುಸ್ತಾದ ಮೇಲೆ ಹಿಡಿತ ಸಡಿಲವಾಗಿ ಚಪ್ಪಲಿ ಕೆಳಗೆ ಬಿತ್ತು. ತಾಯಿ ಅದನ್ನು ಮುಟ್ಟಲೂ ಇಲ್ಲ. ಮಗಳನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲೇ ಆಟೋ ಹತ್ತಿದಳು.

ನನ್ನ ಸಿಟ್ಟು ನೆತ್ತಿಗೇರಿತ್ತು. "ಕೂಸಿನ ಮುಂದ ತಾಟಿಟ್ಟು ಕಸಗೊಂಡ್ರಲ್ರೀ" ಎಂದೆ. ಇವರು ನೆಲದ ಮೇಲಿನ ಎಲೆಗಳನ್ನು ಒಂದೊಂದೇ ಆರಿಸತೊಡಗಿದರು. ಆ ಮನುಷ್ಯನ ಮೇಲೂ ನನಗೆ ಕನಿಕರ ಬಂತು. ಆದರೆ ತೋರಿಸಲಿಲ್ಲ.

ಆ ವಾರ ಮನೆಯಲ್ಲಿ ಯಾರಿಗೂ ಅನ್ನ ರುಚಿಸಲಿಲ್ಲ. ಅವಳು ಕೋರ್ಟಿಗೆ ಒಂದು ಮಾತು ಹೇಳಿದರೆ ಸಾಕು, ಆ ಕೋಣೆ, ಆ ಮೇಜು ಮತ್ತೆ ಕೂಸಿನ ಪಾಲಿಗೆ. ಅವಳು ಹೇಳಿದರೆ ಅದು ತಪ್ಪೂ ಅಲ್ಲ. ಅವನು ಫೋನು ಮಾಡಿದ. "ಹೇಳ್ತಾಳೇನ್ರಿ ಕಾಕು?" ಎಂದ. ಗೊತ್ತಿಲ್ಲಪ್ಪಾ ಎಂದೆ.

ಶನಿವಾರ ಅವಳು ಮಗಳನ್ನು ಕರೆದುಕೊಂಡು ಬಂದಳು. ಅವಳು ಅಂದು ಬಿಟ್ಟು ಹೋಗಿದ್ದ ಚಪ್ಪಲಿಯನ್ನು ಇವರು ಪೇಪರಿನಲ್ಲಿ ಸುತ್ತಿ ತಂದು ಅವಳ ಮುಂದೆ ಇಟ್ಟರು. "ತಪ್ಪಾತವ್ವಾ" ಎಂದರು. ತಮಗಿಂತ ಚಿಕ್ಕವರಿಗೆ ಇವರು ಆ ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ವಕೀಲರು ಕೋರ್ಟಿಗೆ ಬರದುಕೊಡು ಅಂದ್ರು. ನಾ ಒಲ್ಲೆ ಅಂದೆ" ಎಂದಳು. "ಆ ಖೋಲಿಗೆ ಈಕಿನ್ನ ಮತ್ತ ಕರಕೊಂಡು ಹೋಗೂದು ನನ್ನ ಕೈಲೆ ಆಗೂದಿಲ್ಲ. ಆದ್ರ ಕಾಕಾ, ಇನ್ನ ಮ್ಯಾಲೆ ನನ್ನ ಚಪ್ಪಲಿ ಎತ್ತಿಡಬ್ಯಾಡ್ರಿ. ನಾ ಎಲ್ಲಿ ಬಿಟ್ಟಿರತೀನಿ, ಅಲ್ಲೇ ಇರ್ಲಿ."

ನನಗೆ ಹೋದ ಜೀವ ಬಂದಂತಾಯಿತು. ಅವಳು ಹೋದ ಮೇಲೆ ಕೂಸಿಗೆ ಏನಾದರೂ ತಿನ್ನಲು ಕೊಡೋಣವೆಂದು ಹುಡುಕಿದರೆ ಕೂಸು ಹಾಲಿನಲ್ಲಿ ಇಲ್ಲ. ಹಿತ್ತಲ ಬಾಗಿಲಲ್ಲಿತ್ತು. ತನ್ನ ಸ್ಯಾಂಡಲ್ಲುಗಳನ್ನು ಅಲ್ಲಿಗೆ ಒಯ್ದು, ಬಚ್ಚಲಿಗೆ ಹೋಗುವಾಗ ನಾನು ಮೆಟ್ಟುವ ಸವೆದ ಹವಾಯಿ ಚಪ್ಪಲಿಯ ಪಕ್ಕ ಇಡುತ್ತಿತ್ತು.

"ಇಲ್ಲ್ಯಾಕ ಇಡಾಕತ್ತೀಯವ್ವಾ? ಮುಂದ ಇಡಬಾರದಾ?"

"ಇಲ್ಲೇ ಇರ್ಲಿ ಅಜ್ಜಿ. ಇಲ್ಲಿ ಅಪ್ಪನ ಬೂಟೂ ಬರೂದಿಲ್ಲ, ಅಮ್ಮನ ಚಪ್ಪಲೀನೂ ಬರೂದಿಲ್ಲ."

ಅದರ ಮುಖದಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅಷ್ಟು ಸಣ್ಣ ಕೂಸು ಆಸೆಯನ್ನು ಹಾಗೆ ಎತ್ತಿಟ್ಟುಬಿಟ್ಟಿತ್ತು. ಅಷ್ಟರಲ್ಲಿ ಮುಂದಿನ ಬಾಗಿಲಲ್ಲಿ ಬೆಲ್ ಆಯಿತು, ಅವನು ಬಂದಿದ್ದ. ಯಾರ ಚಪ್ಪಲಿ ಇದೆಯೆಂದು ನೋಡಲು ಕೂಸು ಓಡಲಿಲ್ಲ. ಸ್ಯಾಂಡಲ್ಲು ಮೆಟ್ಟಿಕೊಂಡು, ಪಟ್ಟಿ ಹಾಕು ಎಂದು ನನ್ನ ಮುಂದೆ ಕಾಲು ಚಾಚಿತು.